ಸೊನ್ನೆ ನುಂಗಿದ ಮಂಡಕ್ಕಿ

ದಾವಣಗೆರೆಯಲ್ಲಿ ತೂಕದ ಯಂತ್ರ ಹಟ ಹಿಡಿದರೆ ಜನ ಉಚ್ಚೆಂಗಪ್ಪನಿಗೆ ಫೋನ್ ಮಾಡುತ್ತಾರೆ. ಪಿ.ಜೆ. ಬಡಾವಣೆಯ ಹಿಂಬದಿಯ ಸಣ್ಣ ಮಳಿಗೆ, ಐವತ್ತೆಂಟರ ವಯಸ್ಸು, ಓದು ಏಳನೇ ಕ್ಲಾಸಿಗೆ ಮುಗಿದಿದೆ. ಅಪ್ಪ ಕಬ್ಬಿಣದ ತಕ್ಕಡಿ ರಿಪೇರಿ ಮಾಡುತ್ತಿದ್ದ, ಮಗ ಕೆಂಪು ಅಂಕಿಯ ಡಿಜಿಟಲ್ ಯಂತ್ರ ಕಲಿತ. ಅದರೊಳಗಿನ ಇಂಗ್ಲಿಷ್ ಸೆಟ್ಟಿಂಗುಗಳನ್ನು ಓದಿ ಮಾಡಿದವನಲ್ಲ, ಯಾವ ಗುಂಡಿ ಎಷ್ಟು ಸಲ ಎಂಬುದನ್ನು ಬಾಯಿಪಾಠ ಮಾಡಿಕೊಂಡವನು. ಆದರೂ ತಾನು ಸರಿ ಎಂದ ಮೇಲೆ ಮುಗಿಯಿತು ಎನ್ನುವ ಜಂಬ ಇತ್ತು. ಊರೂ ಆ ಜಂಬವನ್ನು ಒಪ್ಪಿಕೊಂಡಿತ್ತು. ಒಪ್ಪದೇ ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಹಯಾತ್ ಸಾಬರ ಮಂಡಕ್ಕಿ ಭಟ್ಟಿಯಲ್ಲಿ ತೂಕದ ಯಂತ್ರದ ಪಕ್ಕದಲ್ಲೇ ದೊಡ್ಡ ಫ್ಯಾನ್. ಅದರ ಗಾಳಿಗೆ ಖಾಲಿ ಯಂತ್ರದ ಅಂಕಿ ಹತ್ತು ಗ್ರಾಂ, ಇಪ್ಪತ್ತು ಗ್ರಾಂ ಎಂದು ಕುಣಿಯುತ್ತಿತ್ತು. ಸಣ್ಣಪುಟ್ಟ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದೆ ಯಂತ್ರ ತಾನಾಗಿ ಸೊನ್ನೆಗೆ ಮರಳುವಂತೆ ಮಾಡುವ ಸೆಟ್ಟಿಂಗ್ ಒಂದಿದೆ. ಅದು ಒಂದರಲ್ಲಿತ್ತು. ಉಚ್ಚೆಂಗಪ್ಪ ಎರಡಕ್ಕಿಟ್ಟ, ಕುಣಿತ ನಿಲ್ಲಲಿಲ್ಲ. ಸೀದಾ ಐದಕ್ಕೇರಿಸಿದ. ಅಂಕಿ ತೆಪ್ಪಗೆ ಸೊನ್ನೆಯಲ್ಲಿ ಕೂತಿತು. ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲನ್ನು ದಡ್ಡೆಂದು ಇಟ್ಟು ನೋಡಿದ, ಸರಿಯಾಗಿ ಇಪ್ಪತ್ತು ತೋರಿಸಿತು. ಫ್ಯಾನನ್ನು ಆ ಕಡೆ ತಿರುಗಿಸಿ ಎಂದಿದ್ದರೆ ಸಾಕಿತ್ತು. ಆದರೆ ಮೆಕ್ಯಾನಿಕ್ ಆದವನು ಅಷ್ಟು ಸುಲಭದ ಮಾತು ಹೇಳುವುದುಂಟೇ?

ಅಲ್ಲಿ ತೂಗಿ ಐದು ಕಿಲೋದ ಚೀಲ ತುಂಬುತ್ತಿದ್ದವರಲ್ಲಿ ಲೋಕಿಕೆರೆಯ ದುರುಗವ್ವ ಹನ್ನೊಂದು ವರ್ಷದಿಂದ ಇದ್ದವಳು. ಉಳಿದವರು ಬುಟ್ಟಿಯನ್ನು ಒಮ್ಮೆಗೇ ಚೀಲಕ್ಕೆ ಬೋರಲು ಹಾಕುತ್ತಿದ್ದರು. ಇವಳು ಮಾತ್ರ ಮಂಡಕ್ಕಿ ನುರಿಯಬಾರದೆಂದು ಮೊದಲಿಗೆ ಸಣ್ಣ ಧಾರೆಯಾಗಿ ಇಳಿಬಿಟ್ಟು, ಚೀಲದ ತಳ ಮುಚ್ಚಿದ ಮೇಲೆಯೇ ಉಳಿದದ್ದನ್ನು ಸುರಿಯುತ್ತಿದ್ದಳು. ಆ ತಿಂಗಳಿನಿಂದ ಉಳಿದವರ ಪಾಳಿಯಲ್ಲಿ ನಲವತ್ತು ಚೀಲವಾದರೆ ಅಷ್ಟೇ ಅಕ್ಕಿಗೆ ಇವಳ ಪಾಳಿಯಲ್ಲಿ ಮೂವತ್ತಾರು ಆಗತೊಡಗಿತು. ಹಯಾತ್ ಸಾಬರು ಒಂದು ವಾರ ನುಂಗಿಕೊಂಡು, ಕೊನೆಗೆ ಉಳಿದ ಮಂಡಕ್ಕಿ ಎಲ್ಲಿ ಹೋಯಿತೆಂದು ಅವಳನ್ನು ಕೇಳಿಯೇಬಿಟ್ಟರು. ಯಂತ್ರವನ್ನು ಮೆಕ್ಯಾನಿಕ್ಕಿಗೆ ತೋರಿಸಿ ಎಂದವಳು ದುರುಗವ್ವನೇ.

ಉಚ್ಚೆಂಗಪ್ಪ ಬಂದ. ಐದು, ಹತ್ತು, ಇಪ್ಪತ್ತು ಕಿಲೋದ ಕಲ್ಲುಗಳನ್ನು ಒಂದಾದ ಮೇಲೊಂದು ಇಟ್ಟ. ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ. ಭಟ್ಟಿಯವರೆಲ್ಲ ಸುತ್ತ ನಿಂತಿದ್ದರು.

"ಯಂತ್ರ ಸುಳ್ಳು ಹೇಳಲ್ಲ ಸಾಬ್ರೆ," ಎಂದ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. "ಮನುಷ್ಯರನ್ನ ನೋಡ್ಕಳ್ರಿ," ಎಂದೂ ಸೇರಿಸಿದ.

ಆ ಎರಡನೇ ಮಾತು ಹೇಳೆಂದು ಅವನನ್ನು ಯಾರೂ ಕೇಳಿರಲಿಲ್ಲ. ದುರುಗವ್ವ ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಮಡಚಿ ಇಟ್ಟು ಹೊರಟುಹೋದಳು. ಮುಂದೆ ಲೋಕಿಕೆರೆಯಲ್ಲೂ ಮಾತು ಹಬ್ಬಿ, ಅವಳು ಹರಿಹರದ ತಂಗಿಯ ಮನೆ ಸೇರಿದಳೆಂದು ಸುದ್ದಿಯಾಯಿತು.

ಮೂರು ತಿಂಗಳ ಮೇಲೆ ಒಂದು ಸಂಜೆ ಹೆಂಡತಿ ಕಸ್ತೂರಮ್ಮ ಮಳಿಗೆಗೆ ಮಂಡಕ್ಕಿ, ಮಿರ್ಚಿ ತಂದುಕೊಟ್ಟಳು. ಮೇಜಿನ ಮೇಲೆ ಅದೇ ಮಾದರಿಯ ಯಂತ್ರ, ಅದರ ಸೆಟ್ಟಿಂಗೂ ಅದೇ ಐದಕ್ಕಿತ್ತು. ಉಚ್ಚೆಂಗಪ್ಪ ತಿನ್ನುತ್ತಾ, ಉದುರಿದ ಮಂಡಕ್ಕಿಯನ್ನು ಚಿಟಿಕೆ ಚಿಟಿಕೆಯಾಗಿ ಯಂತ್ರದ ತಟ್ಟೆಗೆ ಹಾಕುತ್ತಿದ್ದ. ಅಂಕಿ ಸೊನ್ನೆ. ಇನ್ನೊಂದಿಷ್ಟು ಬಿಟ್ಟ, ಸೊನ್ನೆಯೇ. ಪೊಟ್ಟಣವನ್ನೇ ಎತ್ತಿ ನಿಧಾನವಾಗಿ ಪೂರ್ತಿ ಸುರಿದ. ತಟ್ಟೆಯ ಮೇಲೆ ಗುಡ್ಡೆ ಬಿದ್ದಿತ್ತು, ಯಂತ್ರ ಮಾತ್ರ ಏನೂ ಇಲ್ಲವೆನ್ನುತ್ತಿತ್ತು. ನಿಧಾನಕ್ಕೆ ಬಿದ್ದದ್ದನ್ನೆಲ್ಲ ಅದು ಗಾಳಿಯ ಅಲುಗಾಟವೆಂದು ತಿಳಿದು ನುಂಗುತ್ತಿತ್ತು. ಭಟ್ಟಿಯಲ್ಲಿ ದುರುಗವ್ವ ಸಣ್ಣ ಧಾರೆ ಬಿಡುವುದನ್ನು ಅವನು ಕಂಡಿದ್ದ. ಹಾಗಾದರೆ ಅವಳ ಪ್ರತಿ ಚೀಲಕ್ಕೂ ಅರ್ಧ ಕಿಲೋ ಹೆಚ್ಚಿಗೆ ಹೋಗಿದೆ. ಹೆಚ್ಚು ಬಂತೆಂದು ಯಾವ ಅಂಗಡಿಯವನಾದರೂ ದೂರು ಕೊಡುತ್ತಾನೆಯೇ?

ಮರುದಿನ ಮಾಡಿದ ಕೆಲಸವನ್ನು ನೆನೆದರೆ ಅವನಿಗೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ಸರ್ವೀಸ್ ಎಂದು ನೆಪ ಹೇಳಿ ಭಟ್ಟಿಗೆ ಹೋಗಿ, ಐದನ್ನು ಒಂದಕ್ಕಿಳಿಸಿ, ಫ್ಯಾನ್ ತಿರುಗಿಸಿ, ಹಯಾತ್ ಸಾಬರು ಕೊಟ್ಟ ಚಹಾ ಕುಡಿದು, ತುಟಿ ಬಿಚ್ಚದೆ ಬಂದ. ಕದಿಯದವಳು ಕಳ್ಳಿಯಾಗಿದ್ದಳು. ಕಳ್ಳನ ಹಾಗೆ ಹೋಗಿ ಬಂದವನು ಇವನು. ಎಂಟು ದಿನ ಕಸ್ತೂರಮ್ಮನ ಮುಖವನ್ನೂ ನೇರ ನೋಡಲಾಗಲಿಲ್ಲ. ಒಂಬತ್ತನೆಯ ದಿನ ಅವಳಿಗೆ ಹೇಳಿ, ಹರಿಹರದ ಬಸ್ಸು ಹತ್ತಿದ.

ದುರುಗವ್ವ ಒಂದು ಖಾನಾವಳಿಯ ಹಿತ್ತಲಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ. ಅವಳ ಕೈ ನಿಲ್ಲಲಿಲ್ಲ. ತಪ್ಪಾಯಿತು ಎಂದು ಅವನು ಕೈಮುಗಿದಾಗ ಮಾತ್ರ ತಲೆ ಎತ್ತಿದಳು.

"ನನಗೊಬ್ಬಾಕೆಗೆ ಹೇಳಿದ್ರೆ ಏನಾತಣ್ಣ? ನಾನು ಕದ್ದಿಲ್ಲ ಅಂತ ನನಗೆ ಮೊದ್ಲೇ ಗೊತ್ತಿತ್ತಲ್ಲ."

ಉಚ್ಚೆಂಗಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹಾಗಾದರೆ ಏನು ಮಾಡಲಿ ಎಂದು ಕೇಳಿದ. ಅವತ್ತು ಎಲ್ಲಿ ಹೇಳಿದೆಯೋ ಅಲ್ಲೇ, ಯಾರ ಮುಂದೆ ಹೇಳಿದೆಯೋ ಅವರ ಮುಂದೆಯೇ ಹೇಳು, ನಾನೂ ಬರುತ್ತೇನೆ ಎಂದಳು.

ಮೂರನೆಯ ದಿನ ಭಟ್ಟಿಯವರೆಲ್ಲ ಮತ್ತೆ ಸುತ್ತ ನಿಂತರು. ಉಚ್ಚೆಂಗಪ್ಪ ಗುಂಡಿ ಒತ್ತಿ ಸೆಟ್ಟಿಂಗನ್ನು ಒಂದರಿಂದ ಮತ್ತೆ ಐದಕ್ಕೇರಿಸಿದ. ಖಾಲಿ ಚೀಲ ಇಟ್ಟು, ಎಂದಿನ ಹಾಗೆ ಸುರಿ ಎಂದು ದುರುಗವ್ವನಿಗೆ ಹೇಳಿದ. ಅವಳು ಸಣ್ಣ ಧಾರೆ ಬಿಟ್ಟಳು. ಚೀಲದ ತಳ ಮುಚ್ಚಿತು, ಅಂಕಿ ಸೊನ್ನೆ ಬಿಟ್ಟು ಕದಲಲಿಲ್ಲ. ಅವನು ಚೀಲ ಇಳಿಸಿ, ಯಂತ್ರ ಆರಿಸಿ, ಮತ್ತೆ ಹಚ್ಚಿ, ಅದೇ ಚೀಲವನ್ನು ಇಟ್ಟ. ಅರ್ಧ ಕಿಲೋದ ಮೇಲೆ ತೋರಿಸಿತು.

"ಇದನ್ನ ಹಿಂಗೆ ಇಟ್ಟೋನು ನಾನು," ಎಂದ. "ಅವತ್ತು ಆ ಮಾತಾಡಿದೋನೂ ನಾನೇ. ಕಬ್ಬಿಣ ಇಟ್ಟು ನೋಡ್ದೆ, ಮಂಡಕ್ಕಿ ಸುರಿದು ನೋಡ್ಲಿಲ್ಲ."

ಹಯಾತ್ ಸಾಬರು ದುರುಗವ್ವನ ಕಡೆ ತಿರುಗಿದರು. ನಾಳೆಯಿಂದಲೇ ಕೆಲಸಕ್ಕೆ ಬಾ ಎಂದು ಕೇಳಿಕೊಂಡರು. ದುರುಗವ್ವ ಸೆರಗಿಗೆ ಅಂಟಿದ ಮಂಡಕ್ಕಿ ಕೊಡವಿದಳು.

"ಬ್ಯಾಡ ಸಾಬ್ರೆ. ಹನ್ನೊಂದು ವರ್ಷ ನನ್ನ ಕೈ ನೋಡಿದ್ರಿ. ಅವತ್ತು ಡಬ್ಬಿ ಮಾತು ನಂಬಿದ್ರಿ."

ಹರಿಹರದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಬಸ್ ನಿಲ್ದಾಣದವರೆಗೆ ಬಿಡುತ್ತೇನೆ ಎಂದ ಉಚ್ಚೆಂಗಪ್ಪನಿಗೂ ಬೇಡವೆಂದಳು.

ಈಗ ಅವನ ಕೈಚೀಲದಲ್ಲಿ ತೂಕದ ಕಲ್ಲುಗಳ ಜೊತೆ ಒಂದು ಪೊಟ್ಟಣ ಮಂಡಕ್ಕಿ ಇರುತ್ತದೆ. ಯಾವ ಯಂತ್ರವನ್ನೇ ಸರಿ ಮಾಡಲಿ, ಕಲ್ಲು ಇಟ್ಟ ಮೇಲೆ ಮಂಡಕ್ಕಿಯನ್ನು ಸಣ್ಣಗೆ ಸುರಿದು ನೋಡುತ್ತಾನೆ. ಹೊಸ ಗಿರಾಕಿಗಳು ನಗುತ್ತಾರೆ, ಇದೇನು ನೈವೇದ್ಯವೋ ಎನ್ನುತ್ತಾರೆ. ಅವನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳುತ್ತಾನೆ. ಹೋಗಲಿ ಬಿಡ್ರಿ, ಆ ಹೆಂಗಸಿನ ಹೆಸರು ಯಾಕೆ ಎಂದು ಒಬ್ಬರು ತಡೆದರೆ, ಅವತ್ತು ಎಲ್ಲರ ಮುಂದೆ ಕೆಟ್ಟದ್ದು ಅದೇ ಹೆಸರು ಎಂದು ಹೇಳಿ, ದುರುಗವ್ವನ ಹೆಸರನ್ನು ಇನ್ನೊಂದು ಸಲ ಹೇಳುತ್ತಾನೆ.