ಬಾಗಿಲು ನಿಲ್ಲಿಸುವ ಮುಂಚೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಗುಬ್ಬಿಯ ಸಿದ್ದಗಂಗಮ್ಮನ ಪಾಲಿಗೆ ಎರಡೂ ಒಟ್ಟಿಗೇ ಬಂದವು, ಅದರಲ್ಲೂ ಮನೆ ಬೇರೆಯವರದು. ಮಗಳು ತನುಶ್ರೀಗೆ ಕುಣಿಗಲ್ಲಿನ ಸಂಬಂಧ ಕುದುರಿತ್ತು. ಹುಡುಗ ಭಾನುಪ್ರಕಾಶ್ ಅಲ್ಲಿಯ ಸೊಸೈಟಿಯಲ್ಲಿ ಕ್ಯಾಷಿಯರ್. ಅವನ ಅಪ್ಪ ಹನುಮಂತರಾಜು ಊರಾಚೆಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸುತ್ತಿದ್ದರು. ಸಂಬಂಧ ತಂದವನು ಪುಟ್ಟರಂಗಯ್ಯ, ಸಿದ್ದಗಂಗಮ್ಮನ ಗಂಡ ಕಾಳಯ್ಯನಿಗೆ ದೂರದ ಅಣ್ಣ. ಅವನು ಕಾಫಿ ಹೀರುತ್ತಾ ಆ ಮನೆಯ ವೈಭವವನ್ನು ಬಣ್ಣಿಸಿದ.

"ಪಾಯನೇ ಎದೆಮಟ್ಟ ಐತೆ ಕಣಮ್ಮ. ಆ ಬೀದೀಲಿ ಅಂಥ ಮನೆ ಇನ್ನೊಂದಿಲ್ಲ. ನಿನ್ ಮಗಳು ಮ್ಯಾಲೆ ನಿಂತ್ಕಂಡು ಊರೆಲ್ಲಾ ನೋಡ್ಬೋದು."

ಸಿದ್ದಗಂಗಮ್ಮನ ಕಿವಿಗೆ ಬಿದ್ದದ್ದು ಎದೆಮಟ್ಟ ಅನ್ನುವ ಮಾತೊಂದೇ. ಮಗಳು ಮೇಲೆ ನಿಂತು ಊರು ನೋಡುತ್ತಾಳೆ, ಸರಿ. ತಾನು ಕೆಳಗೆ ಬೀದಿಯಲ್ಲಿ ನಿಂತು ಮಗಳನ್ನು ನೋಡಬೇಕೇ? ನಿಲ್ಲುವುದಾದರೂ ಎಲ್ಲಿ, ಕೂತು ನೋಡಬೇಕು. ಅವಳು ಓಡಾಡುವುದು ವೀಲ್‌ಚೇರಿನಲ್ಲಿ.

ತನುಶ್ರೀ ಹೈಸ್ಕೂಲಿನಲ್ಲಿದ್ದಾಗ ನಡೆದದ್ದು. ಕಾಳಯ್ಯನ ಸ್ಕೂಟರಿನ ಹಿಂದೆ ಕೂತು ಬರುವಾಗ ಬಣ್ಣ ಬಳಿಯದ ರಸ್ತೆ ಉಬ್ಬಿನ ಮೇಲೆ ಗಾಡಿ ಎಗರಿ, ಸಿದ್ದಗಂಗಮ್ಮ ರಸ್ತೆಗೆ ಬಿದ್ದಳು. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕೈ ಮಾತ್ರ ಮೊದಲಿಗಿಂತ ಚುರುಕಾಯಿತು. ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಗುಬ್ಬಿ ಪೇಟೆಗೆಲ್ಲ ಅವಳದೇ ಹೆಸರು. ಮದುವೆ ಗೊತ್ತಾದರೆ ಹೆಣ್ಣುಮಕ್ಕಳು ಸೀರೆ ಹಿಡಿದು ಅವಳ ಬಾಗಿಲಿಗೇ ಬರುತ್ತಿದ್ದರು. ಅವಳು ಕಟ್ಟಿದ ಕುಚ್ಚು ಹೋಗದ ಮದುವೆ ಮನೆ ಇರಲಿಲ್ಲ, ಅವಳು ಹೋಗುವ ಮನೆಯೂ ಒಂದಿರಲಿಲ್ಲ.

ತನ್ನ ಮನೆಯಲ್ಲೇನೋ ಅವಳಿಗೆ ಕಷ್ಟವಿರಲಿಲ್ಲ. ತುಮಕೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಕಾಳಯ್ಯ ಹೊಸ್ತಿಲನ್ನು ಕೆತ್ತಿಸಿ, ಬಾಗಿಲ ಮುಂದೆ ಇಳಿಜಾರು ಮಾಡಿಸಿ, ಬಚ್ಚಲ ಬಾಗಿಲನ್ನು ಕಿತ್ತು ಪರದೆ ಕಟ್ಟಿದ್ದ. ತೊಂದರೆಯೆಲ್ಲ ಆಚೆ ಮನೆಗಳದು. ಒಮ್ಮೆ ಸಿ.ಎಸ್. ಪುರದಲ್ಲಿ ತಂಗಿಯ ಗೃಹಪ್ರವೇಶಕ್ಕೆ ಹೋಗಿದ್ದಳು. ಗಂಡಸರು ನಾಲ್ಕು ಕಡೆ ಹಿಡಿದು ಚೇರು ಸಮೇತ ಎತ್ತಿದರು. ಮಧ್ಯದಲ್ಲಿ ಒಬ್ಬನ ಕೈ ಜಾರಿ ಚೇರು ವಾಲಿತು, ಸೀರೆ ಸರಿಯಿತು, ಅಷ್ಟು ಜನರ ಮುಂದೆ ಅವಳು ಕಣ್ಣು ಮುಚ್ಚಿಕೊಂಡಳು. ಒಳಗೆ ಹೋದಮೇಲೆ ಬಚ್ಚಲ ಬಾಗಿಲಲ್ಲಿ ಚೇರು ತೂರಲಿಲ್ಲ. ಹೋಳಿಗೆ ಊಟ ಮುಂದಿದ್ದರೂ ನೀರು ಮುಟ್ಟದೆ ಸಂಜೆವರೆಗೆ ತಡೆದುಕೊಂಡು ಕೂತಿದ್ದಳು. ಆಮೇಲೆ ಯಾರು ಕರೆದರೂ "ಕೆಲ್ಸ ಐತೆ ಕಣವ್ವ" ಅನ್ನತೊಡಗಿದಳು. ಕರೆಯುವವರೂ ಕ್ರಮೇಣ ತಾಂಬೂಲ, ಲಾಡು ಮನೆಗೇ ಕಳಿಸಿ ಕೈತೊಳೆದುಕೊಂಡರು.

ಪಾಯ ಎತ್ತರಿಸುವವರಿಗೂ ಕಾರಣ ಇಲ್ಲದಿಲ್ಲ. ಟಾರು ಹಾಕಿದಾಗಲೆಲ್ಲ ರಸ್ತೆ ಮೇಲೇಳುತ್ತದೆ, ಮಳೆ ನೀರು ಮನೆಗೆ ನುಗ್ಗುತ್ತದೆ. ಅದಕ್ಕೆ ಒಬ್ಬ ಪಾಯ ಎತ್ತರಿಸುತ್ತಾನೆ. ಪಕ್ಕದವನು ಅವನಿಗಿಂತ ಒಂದು ವರಸೆ ಕಲ್ಲು ಜಾಸ್ತಿ ಇಡುತ್ತಾನೆ. ಎದುರುಮನೆಯವನು ಇಬ್ಬರನ್ನೂ ಮೀರಿಸುತ್ತಾನೆ. ಕೊನೆಗೆ ನೀರಿನ ಮಾತು ಎಲ್ಲರಿಗೂ ಮರೆತು ಮಾನದ ಮಾತಷ್ಟೇ ಉಳಿಯುತ್ತದೆ. ಹನುಮಂತರಾಜು ಹಿಟ್ಟಿನ ಗಿರಣಿ ನಡೆಸಿ ಮೇಲೆ ಬಂದವರು, ಮೇಲೆ ಬಂದದ್ದು ಬೀದಿಗೆ ಕಾಣಬೇಡವೇ.

ಇಷ್ಟೇ ಆಗಿದ್ದರೆ ಸಿದ್ದಗಂಗಮ್ಮ ಹೇಗಾದರೂ ಬಾಯಿಬಿಡುತ್ತಿದ್ದಳು. ಅವಳ ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆ ಇತ್ತು. ಗಂಡಿನ ಕಡೆಯವರು ಹೆಣ್ಣು ನೋಡಲು ಬರುವ ದಿನ ಪುಟ್ಟರಂಗಯ್ಯ ಬೆಳಿಗ್ಗೆಯೇ ಬಂದು ವೀಲ್‌ಚೇರನ್ನು ಹಿಂದಿನ ಕೋಣೆಗೆ ತಳ್ಳಿಸಿದ್ದ. "ಚೇರ್ ನೋಡುದ್ರೆ ವಂಶದಲ್ಲಿ ಕಾಯ್ಲೆ ಐತೇನೋ ಅಂತಾರೆ. ಸುಮ್ನೆ ಸೋಫಾ ಮ್ಯಾಲೆ ಕೂತ್ಕೋ. ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತ ದೊಡ್ಡೋರೇ ಹೇಳವ್ರೆ." ಅವಳನ್ನು ಎತ್ತಿ ಸೋಫಾದಲ್ಲಿ ಕೂರಿಸಿ ನೆರಿಗೆ ಹರಡಿದರು. ಬೀಗಿತ್ತಿಯಾಗುವ ದೊಡ್ಡತಾಯಮ್ಮ ಒಳಗೆ ಬಂದಾಗ ಅವಳು ಏಳಲಿಲ್ಲ. "ಸ್ವಲ್ಪ ಮಂಡಿ ನೋವು" ಎಂದು ಕಾಳಯ್ಯ ನೆಲ ನೋಡುತ್ತಾ ಹೇಳಿದ. ತನುಶ್ರೀ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತವಳು ಅಮ್ಮನ ಮುಖವನ್ನೇ ನೋಡಿದಳು, ಏನೂ ಅನ್ನಲಿಲ್ಲ. ಅವಳಿಗೆ ಹುಡುಗ ಹಿಡಿಸಿದ್ದ. ಅದು ಸಿದ್ದಗಂಗಮ್ಮನಿಗೂ ಗೊತ್ತಿತ್ತು.

ಈಗ ಕುಣಿಗಲ್ಲಿನಿಂದ ಫೋನು ಬಂದಿತ್ತು. ಶುಕ್ರವಾರ ಮುಂಬಾಗಿಲು ನಿಲ್ಲಿಸುತ್ತೇವೆ, ಹೆಣ್ಣಿನ ಕಡೆಯವರು ಮನೆ ನೋಡುವ ಶಾಸ್ತ್ರವೂ ಅವತ್ತೇ ಆಗಲಿ, ಬೀಗಿತ್ತಿ ಬಂದು ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಬೇಕು. ಹೋದರೆ ಸುಳ್ಳು ಬಯಲಾಗುತ್ತದೆ. ಹೋಗದಿದ್ದರೆ ಬಾಗಿಲು ನಿಲ್ಲುತ್ತದೆ, ಮೆಟ್ಟಿಲು ಕೂರುತ್ತದೆ, ಆಮೇಲೆ ಒಡೆಯಿರಿ ಅನ್ನಲು ಯಾವ ಬಾಯಿ?

"ಜ್ವರ ಅಂತ ಹೇಳಾಣ ಬುಡು" ಎಂದ ಕಾಳಯ್ಯ. "ಮೊದ್ಲು ಮದ್ವೆ ಆಗ್ಲಿ, ಆಮ್ಯಾಕೆ ನೋಡ್ಕಳಾಣ."

"ಆಮ್ಯಾಕೆ ಏನ್ ನೋಡ್ತೀರಿ? ಮಗು ಹುಟ್ಟಿ ನಾಮಕರಣ ಮಾಡುದ್ರೆ ನಾನು ಗೇಟ್ ಹತ್ರ ಕೂತಿರಬೇಕಾ?"

"ಹೆಣ್ಣು ಹೆತ್ತೋರು ಗಂಡಿನ ಮನೆ ಹಿಂಗ್ ಕಟ್ಟಿ ಅಂತ ಹೇಳೋದು ಎಲ್ಲಾದ್ರೂ ಉಂಟಾ? ಸಂಬಂಧನೇ ಮುರಿದ್ಹೋಗ್ತದೆ."

ಅದೇ ಭಯ ಅವಳಿಗೂ ಇತ್ತು. ಮೂರು ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಕುಚ್ಚಿನ ಗಂಟು ತಪ್ಪಿ, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು. ಮಗಳ ಬಾಳು ತನ್ನ ಚೇರಿಗೆ ಸಿಕ್ಕಿ ಮುರಿದರೆ ಮಗಳು ಕ್ಷಮಿಸಿಯಾಳು, ತನ್ನನ್ನು ತಾನು ಕ್ಷಮಿಸಿಕೊಳ್ಳುವುದು ಹೇಗೆ? ಗುರುವಾರ ಸಂಜೆ ತನುಶ್ರೀ ತುಮಕೂರಿನ ಲ್ಯಾಬಿನಿಂದ ಕೆಲಸ ಮುಗಿಸಿ ಬಂದಳು. ಸಿದ್ದಗಂಗಮ್ಮ ಅವಳನ್ನು ಹತ್ತಿರ ಕರೆದು ಕೇಳಿದಳು.

"ನಾನು ಬಂದ್ರೆ ನಿಂಗೆ ತೊಂದ್ರೆ ಆಗ್ಬೋದು ಕಣೇ. ಬರ್ಲಾ, ಬ್ಯಾಡ್ವಾ?"

ತನುಶ್ರೀ ಕೈಬಳೆ ತಿರುಗಿಸುತ್ತಾ ಕೂತಳು. "ನಂಗೂ ಭಯ ಆಗ್ತೈತೆ ಅಮ್ಮ" ಎಂದಳು ಆಮೇಲೆ. "ಆದ್ರೂ ಬಾ. ಇನ್ನೆಷ್ಟ್ ದಿನ ನಿನ್ನ ಹಿಂದಿನ ರೂಮ್ನಲ್ಲಿ ಬಚ್ಚಿಡೋದು."

ಶುಕ್ರವಾರ ಬಾಡಿಗೆ ವ್ಯಾನಿನಲ್ಲಿ ತುಮಕೂರು ದಾಟಿ ಕುಣಿಗಲ್ಲಿಗೆ ಹೊರಟರು. ಪುಟ್ಟರಂಗಯ್ಯ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಗೊಣಗಿದ, "ನನ್ ಮುಖಕ್ಕೆ ಮಸಿ ಬಳೀಬೇಕು ಅಂತ್ಲೇ ಹೊಂಟಿದೀರಿ." ಸಿದ್ದಗಂಗಮ್ಮ ಹಿಂದಿನ ಸಂಜೆಯಿಂದ ನೀರು ಕುಡಿದಿರಲಿಲ್ಲ, ನಾಲಿಗೆ ಅಂಗುಳಿಗೆ ಅಂಟಿತ್ತು.

ವ್ಯಾನಿನಿಂದ ವೀಲ್‌ಚೇರು ಇಳಿದಾಗ ಸೈಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಾಯ ಪುಟ್ಟರಂಗಯ್ಯ ಹೇಳಿದ್ದಕ್ಕಿಂತ ಒಂದು ಕೈ ಮೇಲೇ ಇತ್ತು. ಮೆಟ್ಟಿಲು ಇನ್ನೂ ಕಟ್ಟಿರಲಿಲ್ಲ. ಗಾರೆಯವರು ಸಿಮೆಂಟಿನ ತಳ್ಳುಗಾಡಿ ಹತ್ತಿಸಲು ಪಕ್ಕದಲ್ಲಿ ಉದ್ದಕ್ಕೆ ಹಲಗೆಗಳನ್ನು ಇಳಿಬಿಟ್ಟಿದ್ದರು. ಕಟ್ಟುವಾಗ ಎಲ್ಲ ಮನೆಗೂ ಇಳಿಜಾರು ಇರುತ್ತದೆ. ಸಿಮೆಂಟ್ ಮೂಟೆ ಸುಖವಾಗಿ ಒಳಗೆ ಹೋದಮೇಲೆ ಅದನ್ನು ಕಿತ್ತು, ಮನುಷ್ಯರಿಗೆ ಮೆಟ್ಟಿಲು ಇಡುತ್ತಾರೆ. ಭಾನುಪ್ರಕಾಶ್ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಏನೂ ಕೇಳದೆ ಬಂದು ಚೇರಿನ ಹಿಡಿ ಹಿಡಿದು ಹಲಗೆಯ ಮೇಲೆ ಮೆಲ್ಲಗೆ ತಳ್ಳಿಕೊಂಡು ಹೋದ. ಹಿಂದೆಯೇ ಅವನ ತಾಯಿ ದೊಡ್ಡತಾಯಮ್ಮ ಮಂಡಿಗೆ ಕೈ ಊರಿ ಉಸಿರು ಬಿಡುತ್ತಾ ಹತ್ತಿದಳು.

"ಸ್ವಲ್ಪ ಮಂಡಿ ನೋವು ಅಂದಿದ್ರಿ" ಎಂದಳು ಅವಳು, ಮೇಲೆ ಬಂದು ನಿಂತಮೇಲೆ.

ಪುಟ್ಟರಂಗಯ್ಯ ಬಾಯಿ ತೆರೆಯುವಷ್ಟರಲ್ಲಿ ಸಿದ್ದಗಂಗಮ್ಮ ಹೇಳಿಬಿಟ್ಟಳು. "ಸುಳ್ಳು ಹೇಳಿದ್ವಿ. ಸ್ಕೂಟ್ರಿಂದ ಬಿದ್ದು ಹಿಂಗಾಗಿದ್ದು, ವಂಶದ ಕಾಯ್ಲೆ ಅಲ್ಲ. ನನ್ ಮಗಳಿಗೆ ಈ ಸುಳ್ಳು ಇಷ್ಟ ಇರ್ಲಿಲ್ಲ. ತಪ್ಪು ನಮ್ದು."

ಹನುಮಂತರಾಜು ಅವರ ಮುಖ ಕೆಂಪಾಯಿತು. "ಮುಚ್ಚಿಟ್ಟು ಹೆಣ್ಣು ಕೊಡೋಕೆ ನಾವೇನ್ ಬೀದೀಲಿ ಬಿದ್ದಿದ್ವಾ? ಇಷ್ಟು ದಿನ ಮುಚ್ಚಿಟ್ಟೋರು ಇವತ್ತು ಯಾಕ್ ಬಂದ್ರಿ?"

"ಬಾಗ್ಲು ಇನ್ನೂ ನಿಲ್ಲಿಸಿಲ್ಲ ಅಂತ ಬಂದೆ." ಸಿದ್ದಗಂಗಮ್ಮ ಚಕ್ರ ತಿರುಗಿಸಿ ಅವರ ಕಡೆ ಮುಂದೆ ಬಂದಳು. "ಬಂಗಾರ, ಛತ್ರ, ಯಾವುದ್ರಲ್ಲೂ ನಮ್ದು ಮಾತಿಲ್ಲ. ಒಂದೇ ಒಂದು ಕೇಳ್ತೀನಿ. ಮೆಟ್ಟಿಲು ಪಕ್ಕ ಒಂದು ಇಳಿಜಾರು, ಕೆಳಗಡೆ ಒಂದು ಬಚ್ಚಲಿಗೆ ಅಗಲದ ಬಾಗ್ಲು. ನನ್ ಮಗಳ ಮನೆಗೆ ನಾನು ಬಂದು ಹೋಗೋ ಅಷ್ಟು."

"ನನ್ ದುಡ್ಡು, ನನ್ ಸೈಟು. ಅದೇನು ಸರ್ಕಾರಿ ಆಫೀಸಾ? ಮನೆಗೆ ಇಳಿಜಾರು ಹಾಕ್ಲೇಬೇಕು ಅಂತ ಯಾವ ರೂಲ್ಸ್ ಐತೆ, ಹೇಳಿ ನೋಡಾಣ."

"ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದಳು ಸಿದ್ದಗಂಗಮ್ಮ. "ಇದ್ದಿದ್ರೆ ನಾನು ಮಗಳ ಮದ್ವೆ ಪಣಕ್ಕಿಟ್ಟು ನಿಮ್ಮ ಮುಂದೆ ಹಿಂಗೆ ಕೈ ಮುಗೀಬೇಕಾಗಿರ್ಲಿಲ್ಲ."

ಪುರೋಹಿತರು ಕೆಮ್ಮಿ, ಹೊತ್ತು ಮೀರುತ್ತದೆ ಎಂದರು. ಮೇಸ್ತ್ರಿ ಮತ್ತವನ ಆಳುಗಳು ತೇಗದ ಚೌಕಟ್ಟು ಎತ್ತಿ ನಿಲ್ಲಿಸಿದರು. ದೊಡ್ಡತಾಯಮ್ಮ ತಾನೇ ಹೊಸ್ತಿಲಿಗೆ ಅರಿಸಿನ ಹಚ್ಚಿದಳು. ಬಟ್ಟಲನ್ನು ಬೀಗಿತ್ತಿಯ ಕೈಗೆ ಕೊಡಲಿಲ್ಲ. ಪ್ರಸಾದವೇನೋ ಕೊಟ್ಟರು, ಊಟಕ್ಕೆ ಯಾರೂ ಬಲವಂತ ಮಾಡಲಿಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ ತನುಶ್ರೀ ಕಿಟಕಿಗೆ ಮುಖ ತಿರುಗಿಸಿ ಕೂತಿದ್ದಳು. ಅವಳು ಅಳುತ್ತಿದ್ದಾಳೋ ಇಲ್ಲವೋ ಎಂದು ನೋಡುವ ಧೈರ್ಯ ತಾಯಿಗೆ ಇರಲಿಲ್ಲ.

ಶನಿವಾರ ಫೋನಿಲ್ಲ. ಭಾನುವಾರವೂ ಇಲ್ಲ. ಪುಟ್ಟರಂಗಯ್ಯ ಮಾತ್ರ ದಿನಕ್ಕೆರಡು ಸಲ ಬಂದು, "ನಾನು ಹೇಳಿರ್ಲಿಲ್ವಾ" ಎಂದು ಉರಿಯುವ ಗಾಯಕ್ಕೆ ಉಪ್ಪು ಸವರಿ ಹೋದ. ಕಾಳಯ್ಯ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ತನುಶ್ರೀ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಫೋನನ್ನು ಬೋರಲು ಹಾಕಿ ಮಲಗುತ್ತಿದ್ದಳು. ಸಿದ್ದಗಂಗಮ್ಮನಿಗೆ ತನ್ನ ನಾಲಿಗೆಯನ್ನೇ ಕಿತ್ತುಕೊಳ್ಳಬೇಕು ಅನ್ನಿಸಿತು. ಎಂದೋ ಒಂದು ದಿನ ಆ ಮನೆಯ ಒಳಗೆ ಹೋಗುವ ಆಸೆಗೆ ಮಗಳನ್ನು ಆ ಮನೆಯಿಂದಲೇ ಹೊರಗೆ ಹಾಕಿದೆನಲ್ಲ ಎಂದು ಒಳಗೊಳಗೇ ಬೆಂದಳು.

ಬುಧವಾರ ಮಧ್ಯಾಹ್ನ ಅವಳು ಒಬ್ಬಳೇ ಇದ್ದಾಗ ಫೋನು ಬಡಿಯಿತು. ದೊಡ್ಡತಾಯಮ್ಮ. ಸಿದ್ದಗಂಗಮ್ಮ ಎತ್ತಿ ಕಿವಿಗಿಟ್ಟುಕೊಂಡಳು.

"ಬೀಗಿತ್ತಿ, ಕೇಳಿಸ್ತಾ ಐತಾ? ನಮ್ಮನೆಯೋರಿಗೆ ಇನ್ನೂ ಸಿಟ್ಟು ಇಳಿದಿಲ್ಲ. ನಂಗೂ ಇಳಿದಿಲ್ಲ. ಅದಿರ್ಲಿ, ಅವತ್ತು ಆ ಹಲಗೆ ಹತ್ತುವಾಗ ನಂಗೇ ಅನ್ಸ್ತು, ಇದು ಹೋದ್ಮೇಲೆ ದಿನಾ ಈ ಪಾಟಿ ಎತ್ತರ ಹೆಂಗ್ ಹತ್ತಿ ಇಳೀಲಿ ಅಂತ. ನಂದು ನಿಜವಾದ ಮಂಡಿ ನೋವು ಕಣ್ರೀ. ಭಾನುನೂ ಅಪ್ಪನ ಜೊತೆ ಮಾತು ಬಿಟ್ಟವ್ನೆ. ಇಳಿಜಾರು ಹಾಕುದ್ರೆ ಕಾರ್ ನಿಲ್ಲೋ ಜಾಗ ಹೋಗ್ತದೆ ಅಂತ ಇವ್ರು ಕುಣಿದ್ರು, ಕುಣೀಲಿ, ಕಾರ್ ರೋಡಲ್ಲಿ ನಿಲ್ತದೆ."

ಸಿದ್ದಗಂಗಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಈಗ ಬಡಗಿ ಬಂದು ನಿಂತವ್ನೆ, ಬಚ್ಚಲ ಬಾಗ್ಲಿಗೆ ಅಳತೆ ಕೇಳ್ತಾವ್ನೆ. ನಿಮ್ಮ ಚೇರು ಎಷ್ಟು ಅಗಲ ಬರ್ತದೆ? ಚಕ್ರ ತಿರುಗ್ಸೋ ಕೈಗೂ ಜಾಗ ಬೇಕಲ್ಲ, ಅದನ್ನೂ ಸೇರ್ಸಿ ಹೇಳಿ. ನಿಮ್ಮ ಬೆರಳ ಗೆಣ್ಣೆಲ್ಲಾ ತರಚಿರೋದು ನೋಡಿದೀನಿ."

ಇಷ್ಟು ವರ್ಷದಲ್ಲಿ ಈ ಮಾತನ್ನು ಯಾರೂ ಅವಳನ್ನು ಕೇಳಿರಲಿಲ್ಲ, ಒಡಹುಟ್ಟಿದ ತಂಗಿಯೂ ಕೇಳಿರಲಿಲ್ಲ. ಸಿದ್ದಗಂಗಮ್ಮ ಟೇಪು ತೆಗೆದು ಚೇರಿನ ಅಗಲಕ್ಕೆ ಹಿಡಿದಳು. ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ.

"ಏನ್ ಬೀಗಿತ್ತಿ, ಸುಮ್ನಾದ್ರಿ?" ಎಂದಳು ಆ ಕಡೆಯಿಂದ ದೊಡ್ಡತಾಯಮ್ಮ. "ಈ ಸಲ ಆದ್ರೂ ಇದ್ದಿದ್ದು ಇದ್ದಂಗೆ ಹೇಳಿ."