ಅಮ್ಮನ ಎಡಗಾಲಿನ ಚಪ್ಪಲಿ

ಇವತ್ತು ಯಲ್ಲಾಪುರದಲ್ಲಿ ಜುಬೇದಾ ಮೌಸಿಯ ಮನೆ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವಾಗ ನನ್ನದೊಂದು ಹಳೆಯ ಕಳ್ಳತನ ನೆನಪಾಯಿತು.

ಮೌಸಿ ಅಮ್ಮನ ಶಾಲೆಯ ಗೆಳತಿ. ರಜೆಯಲ್ಲಿ ಶಿರಸಿಯಿಂದ ಒಂದು ದಿನದ ಮಟ್ಟಿಗೆ ಅಲ್ಲಿಗೆ ಹೋಗುತ್ತಿದ್ದೆವು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತರೆ, ಅಮ್ಮ ನಮ್ಮ ಮನೆಯಲ್ಲಿ ಎಂದೂ ನಗದಷ್ಟು ಜೋರಾಗಿ ನಗುತ್ತಿದ್ದಳು. ಆ ನಗುವನ್ನು ಇನ್ನೊಂದು ದಿನ ಕೇಳಬೇಕೆನಿಸಿ, ಒಮ್ಮೆ ಅವಳ ಎಡಗಾಲಿನ ಚಪ್ಪಲಿಯನ್ನು ಕಟ್ಟಿಗೆ ರಾಶಿಯಲ್ಲಿ ಬಚ್ಚಿಟ್ಟೆ.

ಹೊರಡುವ ಹೊತ್ತಿಗೆ ಅಮ್ಮ ಹುಡುಕಿ ಸುಸ್ತಾಗಿ ಮೌಸಿಯ ಕಡೆ ತಿರುಗಿದಳು. “ಇದು ನಿಂದೇ ಕೆಲ್ಸ. ಕೊಡೇ ಮಾರಾಯ್ತಿ, ಬಸ್ ಹೋಗ್ತದೆ!”

ಮೌಸಿ ಒಮ್ಮೆ ನನ್ನ ಮುಖ ನೋಡಿದಳು. “ಹೌದೇ, ನಾನೇ ಅಡಗಿಸಿದ್ದು. ನಾಳೆ ಕೊಡ್ತೇನೆ,” ಎಂದಳು.

ಅಮ್ಮ ಈಗಿಲ್ಲ. ಇವತ್ತು ಹೊರಟು ನಿಂತಾಗ ಮೆಟ್ಟಿಲ ಮೇಲೆ ನನ್ನ ಬಲಗಾಲಿನ ಚಪ್ಪಲಿ ಮಾತ್ರ ಇತ್ತು. ಮೌಸಿ ಏನೂ ಅರಿಯದವಳಂತೆ ಆಕಾಶ ನೋಡುತ್ತಿದ್ದಳು. ನಾನು ಹುಡುಕಲಿಲ್ಲ. ಒಳಗೆ ಹೋಗಿ ಅಡುಗೆಮನೆಯ ನೆಲದ ಮೇಲೆ ಕೂತೆ.