ದೊಡ್ಡಪ್ಪನ ಹುಣಸೆಬೀಜ

ದೀಪಾವಳಿಯ ನಸುಕಿನಲ್ಲಿ ಯಾರದೋ ಬಚ್ಚಲ ಒಲೆಯಲ್ಲಿ ತೆಂಗಿನ ಸಿಪ್ಪೆ ಉರಿಯುತ್ತಿರುತ್ತದೆ, ಬೀದಿಯಲ್ಲಿ ಯಾವುದೋ ಮಗು ಪಟಾಕಿ ಹಚ್ಚುತ್ತದೆ. ಸುಟ್ಟ ನಾರಿನ ವಾಸನೆಯೂ ಮದ್ದಿನ ವಾಸನೆಯೂ ಬೆರೆತು ಒಳಗೆ ಬಂತೆಂದರೆ ನಾನು ಎದ್ದು ಕಿಟಕಿ ಮುಚ್ಚಿಬಿಡುತ್ತೇನೆ. ಹಬ್ಬದ ದಿನ ಅಜ್ಜಿಗೇನಾಯಿತೆಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ಹೀಗೆ ಕಿಟಕಿ ಮುಚ್ಚಿಸುವ ಒಂದು ವಾಸನೆ ನಿಮಗೂ ಇದ್ದೀತು. ನನಗೆ ಅದರೊಂದಿಗೆ ಮಾವಳ್ಳಿಯ ನಮ್ಮ ಮನೆ ಬರುತ್ತದೆ, ನಡುಮನೆಯ ಗೋಡೆಗೆ ತೂಗುಹಾಕಿದ್ದ ಕೋವಿ ಬರುತ್ತದೆ, ಅದರ ಕೆಳಗೆ ಕಾಲು ಚಾಚಿ ಕೂತ ನನ್ನ ದೊಡ್ಡಪ್ಪ ಬರುತ್ತಾನೆ. ಅಪ್ಪ ಇಲ್ಲದ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ.

ಅದು ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ. ನಳಿಗೆಯೊಳಕ್ಕೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸೀಸದ ಗುಂಡು ಬಿಟ್ಟು, ಕಬ್ಬಿಣದ ಸಲಾಕೆಯಿಂದ ಗಿಡಿಯಬೇಕು. ಹಳ್ಳಿಯಲ್ಲಿ ಹೊಲಕ್ಕೆ ಬರುವ ಹಂದಿಗೆಂದು ಮುತ್ತಾತ ಇಟ್ಟುಕೊಂಡಿದ್ದಂತೆ. ಹಂದಿ ಹೊಡೆಯುವ ಕೋವಿ ಪೇಟೆಗೆ ಬಂದು ಮಡಕೆ ಹೊಡೆಯುವಂತಾಯಿತು ಎಂದು ದೊಡ್ಡಮ್ಮ ಹಂಗಿಸುತ್ತಿದ್ದಳು. ಮಾತು ಸುಳ್ಳಲ್ಲ. ಆಯುಧಪೂಜೆ ಕಳೆದ ಮೊದಲ ಭಾನುವಾರ, ಇಂಥ ಕೋವಿ ಇದ್ದ ನಾಲ್ಕೈದು ಮನೆಯವರು ಬಸವನಗುಡಿಯಾಚೆ, ರಾಗಿ ಹೊಲಗಳ ನಡುವಿನ ಪಾಳುಬಿದ್ದ ಕಲ್ಲುಗಣಿಯಲ್ಲಿ ಸೇರುತ್ತಿದ್ದರು. ಬರೀ ಗುರಿಯಿಟ್ಟು ಹೊಡೆಯುವುದು ಸಿಪಾಯಿಗಳ ಕೆಲಸ, ನಾವು ಬಂದಿರುವುದು ಆಡುವುದಕ್ಕೆ ಎನ್ನುವುದು ದೊಡ್ಡಪ್ಪನ ವಾದ. ಆಟಗಳನ್ನು ಹುಟ್ಟಿಸುವವನೂ ಅವನೇ. ಒಂದು ವರ್ಷ ದಾರಕ್ಕೆ ನಿಂಬೆಹಣ್ಣು ತೂಗುಹಾಕಿ, ಹಣ್ಣಿಗೆ ತಾಗದಂತೆ ದಾರವನ್ನೇ ಕತ್ತರಿಸಬೇಕೆಂದ. ಇನ್ನೊಂದು ವರ್ಷ ಹಣತೆ ಒಡೆಯದೆ ದೀಪದ ಕುಡಿ ಮಾತ್ರ ಆರಬೇಕು. ಸೋತವನು ಗೆದ್ದವನ ಕೋವಿ ಹೊತ್ತು, ಬೀದಿಯ ಜನವೆಲ್ಲ ನೋಡುವಂತೆ ಅವನ ಮನೆಯವರೆಗೆ ನಡೆಯಬೇಕು. ಹೆಚ್ಚು ಸಲ ಹೊತ್ತವರು ತರಗುಪೇಟೆಯ ಬೇಳೆ ವ್ಯಾಪಾರಿ ಬಸಪ್ಪನವರು. ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ಸಾಧು ಮನುಷ್ಯ. ಕುಡಿಕೆಗೆ ಗುರಿಯಿಟ್ಟಾಗಲೂ ಪಾಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆಟ ಎಷ್ಟೇ ಹುಡುಗಾಟದ್ದಾದರೂ ಮದ್ದು ತುಂಬುವಾಗ ದೊಡ್ಡಪ್ಪ ಬೇರೆಯೇ ಮನುಷ್ಯ. ಇಂಥ ಕೋವಿ ತುಂಬಿದೆಯೋ ಬರಿದೋ ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅದಕ್ಕೆ ಅವನು ಜೇಬಿನಲ್ಲಿ ಒಂದು ಹಿಡಿ ಹುಣಸೆಬೀಜ ಇಟ್ಟುಕೊಂಡಿರುತ್ತಿದ್ದ. ಮದ್ದು ಸುರಿಯುವ ಮೊದಲು ಒಂದು ಬೀಜ ದವಡೆಗೆ. ಗುಂಡು ಹಾರಿದ ಮೇಲೆ ಅದನ್ನು ಉಗುಳುವುದು. ಬಾಯಲ್ಲಿ ಬೀಜವಿದ್ದರೆ ಕೋವಿಯಲ್ಲಿ ಮದ್ದಿದೆ. ಅಷ್ಟು ಹೊತ್ತೂ ಅವನನ್ನು ಯಾರೂ ಮಾತಾಡಿಸಕೂಡದು. ಒಮ್ಮೆ ನಡುವೆ ಬಾಯಿಹಾಕಿದ್ದಕ್ಕೆ ನನ್ನನ್ನು ಬೈದಿದ್ದ. ಅವನು ನನ್ನನ್ನು ಬೈದದ್ದು ಅದೊಂದೇ ಸಲ, ಹಾಗಾಗಿ ಅದು ಮನಸ್ಸಿನಲ್ಲಿ ನಾಟಿಕೊಂಡಿತು.

ನನಗೆ ಒಂಬತ್ತು ವರ್ಷವಾಗಿದ್ದ ಆ ಸಲದ ಆಟ ಎಲ್ಲಕ್ಕಿಂತ ಚೆಂದದ್ದು. ಮರದ ದಿಮ್ಮಿಗೆ ಕೊಡಲಿಯನ್ನು ಅದರ ಬಾಯಿ ನಮ್ಮ ಕಡೆಗಿರುವಂತೆ ನಿಲ್ಲಿಸಿ, ಅದರ ಎಡಬಲಕ್ಕೆ ಕುಂಕುಮದ ನೀರು ತುಂಬಿದ ಎರಡು ಕುಡಿಕೆ ಇಟ್ಟಿದ್ದರು. ಗುಂಡು ಕೊಡಲಿಯ ಅಲಗಿಗೆ ಬಡಿದು ಎರಡು ಹೋಳಾಗಿ ಎರಡೂ ಕುಡಿಕೆಗಳನ್ನು ಒಡೆಯಬೇಕು. ಎಲ್ಲರೂ ಸೋತರು, ಕೊನೆಗೆ ದೊಡ್ಡಪ್ಪ ಬೀಜ ಬಾಯಿಗಿಟ್ಟು ಕೋವಿ ತುಂಬಿದ. ಅವನು ಗೆಲ್ಲಲೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ದೊಡ್ಡಮ್ಮ ಕಟ್ಟಿಕೊಟ್ಟಿದ್ದ ಕೊಬ್ಬರಿ ಮಿಠಾಯಿಯ ಒಂದು ಚೂರನ್ನು ತುಟಿಪಿಟಕ್ಕೆನ್ನದೆ ಅವನ ಬಾಯಿಯ ಹತ್ತಿರ ಹಿಡಿದೆ. ಅವನು ನಕ್ಕ. ಬೀಜವನ್ನು ತೆಗೆದು ನನ್ನ ಅಂಗೈಗೆ ಹಾಕಿ, "ಹಿಡ್ಕೊಂಡಿರವ್ವ," ಎಂದು ಮಿಠಾಯಿ ತಿಂದ. ಅಷ್ಟರಲ್ಲಿ ಒಂದು ಕುಡಿಕೆ ಉರುಳಿತೆಂದು ಬಸಪ್ಪನವರು ಕೂಗಿದರು. ದೊಡ್ಡಪ್ಪ ಕೋವಿಯನ್ನು ಬಂಡೆಗೆ ಒರಗಿಸಿ ಹೋಗಿ, ಕುಡಿಕೆ ನಿಲ್ಲಿಸಿ, ಅವರನ್ನು ರೇಗಿಸುತ್ತಾ ಹಿಂದಿರುಗಿದ. ಬಾಯಿ ಬರಿದಾಗಿತ್ತು. ಜೇಬಿನಿಂದ ಇನ್ನೊಂದು ಬೀಜ ತೆಗೆದು ದವಡೆಗಿಟ್ಟು ಮತ್ತೆ ಮದ್ದು ಸುರಿಯತೊಡಗಿದ.

ನಾನು ನನ್ನ ಮುಷ್ಟಿ ನೋಡಿಕೊಂಡೆ. ಮೊದಲ ಬೀಜ ಅಲ್ಲೇ ಇತ್ತು, ಇನ್ನೂ ಹಸಿಯಾಗಿ. ನಾರು ಹೋಯಿತು, ಗುಂಡು ಹೋಯಿತು. ಗಿಡಿದ ಸಲಾಕೆ ಎಂದಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು. ದೊಡ್ಡಪ್ಪ ಎನ್ನುವ ಮಾತು ಗಂಟಲಿಗೆ ಬಂದಿತ್ತು. ಆದರೆ ಬೀಜ ಅವನ ಬಾಯಲ್ಲಿತ್ತು, ಮಾತಾಡಿಸಬಾರದಿತ್ತು. ಅವನು ಕೋವಿಯ ಕುದುರೆ ಎಳೆದ. ಹೊಗೆ ಚದುರಿದಾಗ ಎರಡು ಕುಡಿಕೆಗಳೂ ನೆಟ್ಟಗೆ ನಿಂತಿದ್ದವು. ನಳಿಗೆ ಬಾಳೆಯ ಸಿಪ್ಪೆಯಂತೆ ಸುಲಿದುಹೋಗಿತ್ತು. ದೊಡ್ಡಪ್ಪ ಎಡಗೈಯನ್ನು ಪಂಚೆಯಲ್ಲಿ ಸುತ್ತಿಕೊಂಡು, ಹೆದರಬೇಡವೆಂದು ನನಗೇ ಹೇಳುತ್ತಿದ್ದ.

ಮೂರು ಬೆರಳು ಹೋದವು. ಕೇಳಿದವರಿಗೆಲ್ಲ ನಳಿಗೆಗೆ ತುಕ್ಕು ಹಿಡಿದಿತ್ತೆಂದ. ಬಸಪ್ಪನವರು ತಮ್ಮ ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದರು, ಉಳಿದವರೂ ಮತ್ತೆ ಸೇರಲಿಲ್ಲ. ದಿನಾ ತಾನೇ ಕರೆಯುತ್ತಿದ್ದ ಹಸುವಿನ ಕೊಟ್ಟಿಗೆಗೆ ದೊಡ್ಡಪ್ಪ ಹೋಗುವುದನ್ನು ಬಿಟ್ಟ. ಒಂದು ದಿನ ಹಸುವನ್ನೂ ಕೊಂಡವರು ಹೊಡೆದುಕೊಂಡು ಹೋದರು. ಅವನ ನಗುವಿನಿಂದ ತುಂಬಿರುತ್ತಿದ್ದ ಮನೆ ಬಿಕೋ ಎನ್ನತೊಡಗಿತು. ನಾನು ಬೀಜವನ್ನು ಕುಂಕುಮದ ಭರಣಿಯಲ್ಲಿಟ್ಟುಕೊಂಡೆ, ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದು ದಿನದಿಂದ ದಿನಕ್ಕೆ ಸುಲಭವಾಗುತ್ತದೆ ಎನ್ನುವುದು ಸುಳ್ಳು. ಈಗ ಕಲ್ಲುಗಣಿಯನ್ನು ಮುಚ್ಚಿ ಅದರ ಮೇಲೆ ಮನೆ ಕಟ್ಟಿದ್ದಾರೆ, ಮಾವಳ್ಳಿಯ ಮನೆಯೂ ಇಲ್ಲ. ನನ್ನ ತಪ್ಪು ಮಾತ್ರ ಇದೆ.

ನನ್ನ ಮದುವೆ ಗೊತ್ತಾದ ವರ್ಷ ಅವನು ಹಾಸಿಗೆ ಹಿಡಿದ. ಇನ್ನು ತಡಮಾಡಿದರೆ ಹೇಳಲಾಗುವುದೇ ಇಲ್ಲವೆಂದು ಒಂದು ಮಧ್ಯಾಹ್ನ ಬೀಜವನ್ನು ಅವನ ಅಂಗೈಗೆ ಹಾಕಿದೆ.

"ನೀನು ಎರಡ್ನೇ ಸಲ ಮದ್ದು ಹಾಕಿದ್ದನ್ನ ನೋಡ್ದೆ ದೊಡ್ಡಪ್ಪ. ನೋಡ್ತಾನೇ ನಿಂತಿದ್ದೆ."

ಅವನು ಬೀಜವನ್ನು ಹೆಬ್ಬೆರಳಿನಿಂದ ಹೊರಳಿಸಿ ನೋಡಿದ.

"ಮಾತಾಡ್ಬೇಡ ಅಂತ ಕಲಿಸ್ದೋನು ನಾನೇ ಅಲ್ವೇನವ್ವ," ಎಂದ.

ಕ್ಷಮಿಸು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಬೀಜವನ್ನು ಎತ್ತಿ ದವಡೆಗಿಟ್ಟು ಕಣ್ಣು ಮುಚ್ಚಿಕೊಂಡ. ಬೀಜ ಬಾಯಲ್ಲಿರುವಾಗ ಅವನನ್ನು ಮಾತಾಡಿಸುವಂತಿರಲಿಲ್ಲ. ಎಡಗೈಯಲ್ಲಿ ಉಳಿದಿದ್ದ ಎರಡು ಬೆರಳನ್ನು ಹಿಡಿದುಕೊಂಡು ಕೂತೆ.